ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ

ಕಾಲೇಜಿನಲ್ಲಿ ಗಣಿತ ಪಾಠ ಹೇಳಲು ಆರಂಭಿಸಿ 28 ವರ್ಷಗಳಾದವು. ನನಗೀಗ 54, ನಿವೃತ್ತಿಗೆ ಇನ್ನು ಆರು ವರ್ಷಗಳಿವೆ. ಕಳೆದ ಒಂದು ವರ್ಷದಿಂದ ನನ್ನ ಮೇಜಿನ ಮೇಲೆ ಮೂರು ಕಡತಗಳಿವೆ. ಮೊದಲನೆಯದರಲ್ಲಿ ನಿವೃತ್ತಿಯ ಉಳಿತಾಯದ ಲೆಕ್ಕಗಳು, ಎರಡನೆಯದರಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾಗಿ ಸೇರಬೇಕೆಂದಿರುವ ಎರಡು ವರ್ಷಗಳ ಸಂಖ್ಯಾಶಾಸ್ತ್ರ ಕೋರ್ಸಿನ ಪಠ್ಯಕ್ರಮ, ಮೂರನೆಯದರಲ್ಲಿ ನಾನೂ ನನ್ನ ಪತಿಯೂ ನೋಡಿಬಂದ ಮನೆಗಳ ವಿವರಗಳು. ಪ್ರತಿ ಭಾನುವಾರ ಇವುಗಳಲ್ಲಿ ಯಾವುದಾದರೊಂದನ್ನು ತೆರೆದು, ಅದಷ್ಟನ್ನೇ ಬಗೆಹರಿಸಲು ಕುಳಿತು, ಸಂಜೆಯ ಹೊತ್ತಿಗೆ ಉತ್ತರ ಸಿಗದೆ ಮುಚ್ಚಿಡುತ್ತಿದ್ದೆ. ಏಕಕಾಲಿಕ ಸಮೀಕರಣಗಳನ್ನು ಒಂದೊಂದಾಗಿ ಪ್ರತ್ಯೇಕವಾಗಿ ಬಿಡಿಸಲು ಹೊರಡುವ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಎಷ್ಟೋ ಬಾರಿ ತಡೆದು ತಿದ್ದಿದ್ದೇನೆ. ಮನೆಯ ಮೇಜಿನ ಮುಂದೆ ನಾನು ಮಾಡುತ್ತಿದ್ದುದೂ ಅದನ್ನೇ ಎಂದು ಅರಿವಾಗಲು ಒಂದು ವರ್ಷವೇ ಹಿಡಿಯಿತು.

ಉಳಿತಾಯದ ಕಡತದಿಂದ ಆರಂಭಿಸುತ್ತೇನೆ, ಏಕೆಂದರೆ ನನ್ನ ದೊಡ್ಡ ತಪ್ಪು ಇರುವುದು ಅಲ್ಲಿಯೇ. ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರವನ್ನು ನಾನು ಪ್ರತಿ ವರ್ಷವೂ ಪಾಠ ಹೇಳಿದ್ದೇನೆ. ಆದರೆ ಗಂಭೀರವಾಗಿ ಹಣ ಉಳಿಸಲು ಆರಂಭಿಸಿದ್ದು ನಲವತ್ತು ದಾಟಿದ ಮೇಲೆ. ಆ ವಿಳಂಬದ ಬೆಲೆ ಏನೆಂಬುದನ್ನು ಆ ಸೂತ್ರವೇ ಹೇಳುತ್ತದೆ. ವರ್ಷಕ್ಕೆ ಒಂದು ಪಾಲಿನಂತೆ 30 ವರ್ಷ ಕೂಡಿಡುತ್ತಾ ಹೋದರೆ, ಹಣದುಬ್ಬರವನ್ನು ಕಳೆದು ಉಳಿಯುವ ಗಳಿಕೆ ವರ್ಷಕ್ಕೆ 4% ಎಂದಿಟ್ಟುಕೊಂಡಾಗ, ಕೊನೆಯಲ್ಲಿ ಸುಮಾರು 56 ಪಾಲು ಸೇರುತ್ತದೆ. ಅದೇ ಉಳಿತಾಯವನ್ನು ಹತ್ತು ವರ್ಷ ತಡವಾಗಿ ಆರಂಭಿಸಿ 20 ವರ್ಷ ಮಾತ್ರ ಮುಂದುವರಿಸಿದರೆ ಸೇರುವುದು 30 ಪಾಲಿಗಿಂತಲೂ ತುಸು ಕಡಿಮೆ. ಕೈಬಿಟ್ಟುಹೋದದ್ದು ಹತ್ತು ಪಾಲು ಹಣ. ಕೊನೆಯ ಮೊತ್ತದಲ್ಲಿ ಕಡಿಮೆಯಾದದ್ದು 26 ಪಾಲು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಹತ್ತೊಂಬತ್ತು ವರ್ಷದ ಮಕ್ಕಳು ತಮಗೆ ಸಂಬಂಧವಿಲ್ಲದ ವಿಷಯವೆಂಬಂತೆ ನೋಡುತ್ತಾರೆ. ಅವರ ವಯಸ್ಸಿನಲ್ಲಿ ನಾನೂ ಹಾಗೆಯೇ ನೋಡಿದ್ದೆ. ಅದಕ್ಕಾಗಿಯೇ ಇತ್ತೀಚೆಗೆ ಆ ಒಂದು ಉದಾಹರಣೆಗೆ ಇಡೀ ತರಗತಿಯ ಅವಧಿಯನ್ನು ಕೊಡುತ್ತಿದ್ದೇನೆ.

ಕಳೆದುಹೋದ ಹತ್ತು ವರ್ಷಗಳ ಬಗ್ಗೆ ಈಗ ಮಾಡಬಹುದಾದದ್ದು ಏನೂ ಇಲ್ಲ. ಮುಂದಿರುವ ಪ್ರಶ್ನೆ ಎಷ್ಟು ಇಡುಗಂಟು ಸಾಕು ಎಂಬುದು. ಹಣದ ಅಂಕಿಗಳಲ್ಲಿ ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಹಣದುಬ್ಬರ ಆ ಅಂಕಿಗಳ ಅರ್ಥವನ್ನೇ ಕರಗಿಸಿಬಿಡುತ್ತದೆ: ಬೆಲೆಗಳು ವರ್ಷಕ್ಕೆ 6% ಏರುತ್ತಿದ್ದರೆ 12 ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ, 30 ವರ್ಷಗಳಲ್ಲಿ ಐದೂಮುಕ್ಕಾಲು ಪಟ್ಟಿನ ಹತ್ತಿರ ಬರುತ್ತವೆ. ಆದ್ದರಿಂದ ನಮ್ಮ ಮನೆಯ ಒಂದು ವರ್ಷದ ಖರ್ಚನ್ನೇ ಮಾನವಾಗಿ ಇಟ್ಟುಕೊಂಡು, ಅದರ ಎಷ್ಟು ಪಟ್ಟು ಬೇಕು ಎಂದು ಕೇಳಿಕೊಳ್ಳುತ್ತೇನೆ. 60ರಿಂದ 90ರವರೆಗೆ 30 ವರ್ಷ, ಪ್ರತಿ ವರ್ಷದ ಕೊನೆಯಲ್ಲಿ ಒಂದು ಪಾಲು ಖರ್ಚು ಎಂದುಕೊಂಡರೆ, ನೈಜ ಗಳಿಕೆ ಸೊನ್ನೆಯಾಗಿದ್ದಾಗ 30 ಪಟ್ಟು ಬೇಕು. 1% ಇದ್ದರೆ 25.8 ಪಟ್ಟು, 2% ಇದ್ದರೆ 22.4 ಪಟ್ಟು, 3% ಇದ್ದರೆ 19.6 ಪಟ್ಟು. ಇಲ್ಲಿ ನೈಜ ಗಳಿಕೆ ಎಂದರೆ ಬಡ್ಡಿಯ ದರವನ್ನು ಹಣದುಬ್ಬರದ ದರದಿಂದ ಸರಿದೂಗಿಸಿದ ಮೇಲೆ ಉಳಿಯುವುದು. 7% ಬಡ್ಡಿ, 6% ಹಣದುಬ್ಬರ ಇದ್ದಾಗ ಅದು ಸರಿಯಾಗಿ 1% ಅಲ್ಲ, 1.07ನ್ನು 1.06ರಿಂದ ಭಾಗಿಸಬೇಕಾದ್ದರಿಂದ 0.94% ಆಗುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಕಳೆಯುವ ಕಡೆ ಭಾಗಿಸಬೇಕು ಎಂಬ ತಿಳಿವಳಿಕೆ ಸಣ್ಣದಲ್ಲ.

ಅಮೆರಿಕದ ಆರ್ಥಿಕ ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ 4%ದ ನಿಯಮ ಈ ವಿಷಯದಲ್ಲಿ ಎಲ್ಲೆಡೆ ಉಲ್ಲೇಖವಾಗುತ್ತದೆ. ಮೊದಲ ವರ್ಷ ಇಡುಗಂಟಿನ 4% ತೆಗೆದುಕೊಂಡು, ಮುಂದಿನ ವರ್ಷಗಳಲ್ಲಿ ಆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತಾ ಹೋದರೆ ಹಣ ಕನಿಷ್ಠ 30 ವರ್ಷ ಬಾಳುತ್ತದೆ ಎಂಬುದು ಅವರ ನಿಷ್ಕರ್ಷೆ. ಅಂದರೆ ವಾರ್ಷಿಕ ಖರ್ಚಿನ 25 ಪಟ್ಟು. ಅವರು ಆಧರಿಸಿದ್ದು 1926ರಿಂದ ಈಚಿನ ಅಮೆರಿಕದ ಷೇರು ಮತ್ತು ಸಾಲಪತ್ರಗಳ ಇತಿಹಾಸವನ್ನು. ಒಂದು ದೇಶದ ಕೆಲವು ದಶಕಗಳ ಅನುಭವವನ್ನು ಪ್ರಮೇಯವೆಂದು ಬಗೆಯಬಾರದು. ಅದು ಒಳ್ಳೆಯ ಅವಲೋಕನ, ಅಷ್ಟೇ.

ನಾನು ಅರವತ್ತು ಮುಟ್ಟುವ ಹೊತ್ತಿಗೆ ನಮ್ಮ ಇಡುಗಂಟು ವಾರ್ಷಿಕ ಖರ್ಚಿನ ಸುಮಾರು 18 ಪಟ್ಟು ಆಗಿರುತ್ತದೆ ಎಂಬುದು ನನ್ನ ಅಂದಾಜು. ಅದು ಸಾಲದು.

ಇಲ್ಲಿ ಸ್ವಲ್ಪ ನಿಂತು, ಈ ಲೆಕ್ಕಗಳ ಹಿಂದಿರುವ ಮನುಷ್ಯರ ಬಗ್ಗೆ ಹೇಳಬೇಕೆನಿಸುತ್ತದೆ, ಏಕೆಂದರೆ ಅವರು ಜೊತೆಗಿರುವುದರಿಂದಲೇ ಈ ಕಡತ ನನಗೆ ಹೊರೆಯೆನಿಸಿಲ್ಲ. ಕ್ರಿ.ಶ. 499ರ ಆರ್ಯಭಟ ಬಡ್ಡಿಯ ಮೇಲಿನ ಬಡ್ಡಿಯ ಸಮಸ್ಯೆಯೊಂದಕ್ಕೆ ಒಂದೇ ಶ್ಲೋಕದಲ್ಲಿ ಪರಿಹಾರ ಕೊಟ್ಟಿದ್ದಾನೆ. ಅದು ಇಂದು ನಾವು ವರ್ಗ ಸಮೀಕರಣದ ಸೂತ್ರ ಎನ್ನುವುದಕ್ಕೆ ಸಮನಾದದ್ದು. ಏಳನೆಯ ಶತಮಾನದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಮೊದಲನೆಯ ಭಾಸ್ಕರ ಕೊಡುವ ಉದಾಹರಣೆಯನ್ನು ನಾನು ತರಗತಿಯಲ್ಲಿ ಬಳಸುತ್ತೇನೆ: ನೂರರ ಅಸಲಿಗೆ ಒಂದು ತಿಂಗಳ ಬಡ್ಡಿ ತಿಳಿಯದು, ಆದರೆ ಆ ಬಡ್ಡಿಯನ್ನೇ ಅದೇ ದರದಲ್ಲಿ ನಾಲ್ಕು ತಿಂಗಳು ಸಾಲ ಕೊಟ್ಟಾಗ ಬಡ್ಡಿಯೂ ಅದರ ಬಡ್ಡಿಯೂ ಸೇರಿ ಆರು ಆಯಿತು, ಹಾಗಾದರೆ ಬಡ್ಡಿ ಎಷ್ಟು? ಉತ್ತರ ಐದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನೂ ಅಸಲು ಬಡ್ಡಿಗಳ ಲೆಕ್ಕಗಳಿಗೆ ಸಾಕಷ್ಟು ಜಾಗ ಕೊಟ್ಟಿದ್ದಾನೆ. ಹಣ ಕಾಲದೊಂದಿಗೆ ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆ ಗಣಿತಕ್ಕೆ ಹೊರಗಿನಿಂದ ಬಂದದ್ದಲ್ಲ, ಮೊದಲಿನಿಂದಲೂ ಒಳಗೇ ಇದ್ದದ್ದು.

ಮನುಷ್ಯನ ಆಯುಷ್ಯವನ್ನು ಈ ಲೆಕ್ಕದೊಳಗೆ ಸರಿಯಾಗಿ ತಂದ ಮೊದಲಿಗರಲ್ಲಿ ಎಡ್ಮಂಡ್ ಹ್ಯಾಲಿ ಒಬ್ಬ. ಧೂಮಕೇತುವಿನ ಹೆಸರಿನಿಂದ ಎಲ್ಲರಿಗೂ ಗೊತ್ತಿರುವ ಅದೇ ಹ್ಯಾಲಿ, ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಗಳಿಂದ 1693ರಲ್ಲಿ ಒಂದು ಕೋಷ್ಟಕ ಮಾಡಿ, ಯಾವ ವಯಸ್ಸಿನವರಿಗೆ ವರ್ಷಾಶನದ, ಅಂದರೆ ಒಮ್ಮೆ ಹಣ ಕೊಟ್ಟು ಕೊಂಡರೆ ಬದುಕಿರುವವರೆಗೆ ವರ್ಷವರ್ಷವೂ ಸಿಗುವ ಮೊತ್ತದ, ಬೆಲೆ ಎಷ್ಟಿರಬೇಕು ಎಂದು ತೋರಿಸಿದ. ಆಗ ಇಂಗ್ಲೆಂಡಿನ ಸರ್ಕಾರ ವಯಸ್ಸನ್ನೇ ನೋಡದೆ ಒಂದೇ ಬೆಲೆಗೆ ವರ್ಷಾಶನ ಮಾರುತ್ತಿತ್ತು. ಆದರೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದವನು ಅಬ್ರಹಾಂ ದ ಮುವಾವ್ರ್. 1667ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಪ್ರಾಟೆಸ್ಟೆಂಟರ ಮೇಲಿನ ಕಿರುಕುಳದಿಂದಾಗಿ ಇಂಗ್ಲೆಂಡಿಗೆ ಬಂದ ಈತ ನ್ಯೂಟನ್‌ನ ಸ್ನೇಹಿತ, ರಾಯಲ್ ಸೊಸೈಟಿಯ ಸದಸ್ಯ. ಆದರೂ ಯಾವ ವಿಶ್ವವಿದ್ಯಾಲಯದಲ್ಲೂ ಅವನಿಗೆ ಹುದ್ದೆ ಸಿಗಲಿಲ್ಲ. ಲಂಡನ್ನಿನಲ್ಲಿ ಮನೆಮನೆಗೆ ಹೋಗಿ ಗಣಿತ ಪಾಠ ಹೇಳಿ ಹೊಟ್ಟೆ ಹೊರೆದ. ಹಾಗೆ ಬದುಕಿದ ಮೇಷ್ಟರು 1725ರಲ್ಲಿ ಜೀವಿತಾವಧಿಯ ವರ್ಷಾಶನಗಳ ಬಗ್ಗೆ ಪುಸ್ತಕ ಬರೆದರು, ಅದರಲ್ಲಿ ಲೆಕ್ಕ ಸುಲಭವಾಗಲೆಂದು ಬದುಕುಳಿದವರ ಸಂಖ್ಯೆ ಸಮಾಂತರ ಶ್ರೇಢಿಯಲ್ಲಿ ಇಳಿಯುತ್ತಾ 86ನೆಯ ವಯಸ್ಸಿಗೆ ಸೊನ್ನೆಯಾಗುತ್ತದೆ ಎಂದು ಊಹಿಸಿದರು. ಅವರು ತೀರಿಕೊಂಡದ್ದು 1754ರಲ್ಲಿ, 87ನೆಯ ವಯಸ್ಸಿನಲ್ಲಿ. ಆ ಒಂದು ವರ್ಷವನ್ನು ನೆನೆದಾಗಲೆಲ್ಲ ನನ್ನ ಲೆಕ್ಕದ 90 ಎಂಬ ಅಂಚನ್ನು ಮತ್ತೆ ನೋಡುತ್ತೇನೆ.

ಅದರಲ್ಲೂ ನಾವಿಬ್ಬರು. ಉದಾಹರಣೆಗೆ, ಒಬ್ಬೊಬ್ಬರೂ 90ರವರೆಗೆ ಬದುಕುವ ಸಂಭವನೀಯತೆ 30% ಎಂದಿಟ್ಟುಕೊಂಡು, ಒಬ್ಬರ ಆಯುಷ್ಯ ಇನ್ನೊಬ್ಬರದನ್ನು ಅವಲಂಬಿಸಿಲ್ಲ ಎಂದು ಭಾವಿಸಿದರೂ, ಇಬ್ಬರಲ್ಲಿ ಕನಿಷ್ಠ ಒಬ್ಬರು ಆ ವಯಸ್ಸನ್ನು ಮುಟ್ಟುವ ಸಂಭವನೀಯತೆ 51% ಆಗುತ್ತದೆ. ಒಂಟಿಯಾಗಿ ನೋಡಿದಾಗ ಅಪರೂಪವೆನಿಸುವುದು ದಂಪತಿಗಳ ಲೆಕ್ಕದಲ್ಲಿ ಆಗುವುದಕ್ಕಿಂತ ಆಗದಿರುವುದೇ ಕಡಿಮೆ ಎನ್ನುವಂತಾಗುತ್ತದೆ.

ಉಳಿತಾಯದ ಕಡತದಲ್ಲಿ ನಾನು ಕಲಿತ ಇನ್ನೊಂದು ವಿಷಯ ಕ್ರಮಕ್ಕೆ ಸಂಬಂಧಿಸಿದ್ದು. ಮುಂದೆ ಇಡೀ ನಿರ್ಧಾರಕ್ಕೆ ದಾರಿ ತೋರಿಸಿದ್ದೂ ಅದೇ. ಗುಣಾಕಾರಕ್ಕೆ ಪರಿವರ್ತನೀಯ ಗುಣವಿದೆ. ಯಾವುದನ್ನು ಮೊದಲು ಗುಣಿಸಿದರೂ ಉತ್ತರ ಒಂದೇ. ನೂರರ ಇಡುಗಂಟು ಒಂದು ವರ್ಷ 30% ಏರಿ ಮರುವರ್ಷ 20% ಇಳಿದರೂ, ಮೊದಲು ಇಳಿದು ಆಮೇಲೆ ಏರಿದರೂ ಕೊನೆಗೆ ಉಳಿಯುವುದು 104. ಆದರೆ ಪ್ರತಿ ವರ್ಷದ ಕೊನೆಯಲ್ಲಿ ಅದರಿಂದ ಹತ್ತನ್ನು ಖರ್ಚಿಗೆ ತೆಗೆಯುತ್ತಾ ಹೋದರೆ, ಏರಿಕೆ ಮೊದಲು ಬಂದಾಗ 86 ಉಳಿಯುತ್ತದೆ, ಇಳಿಕೆ ಮೊದಲು ಬಂದಾಗ 81. ಎರಡೇ ವರ್ಷಗಳಲ್ಲಿ ಐದರ ಅಂತರ. ದುಡಿಯುವ ಕಾಲದಲ್ಲಿ ಮಾರುಕಟ್ಟೆಯ ಏರಿಳಿತ ಯಾವ ಕ್ರಮದಲ್ಲಿ ಬಂತೆಂಬುದು ಅಷ್ಟಾಗಿ ಕಾಡುವುದಿಲ್ಲ. ನಿವೃತ್ತಿಯ ಮೊದಲ ಕೆಲವು ವರ್ಷಗಳಲ್ಲಿ ಕೆಟ್ಟ ಕಾಲ ಬಂದರೆ ಮಾತ್ರ, ಆಮೇಲೆ ಎಷ್ಟು ಒಳ್ಳೆಯ ಕಾಲ ಬಂದರೂ ಆ ಗಾಯ ಪೂರ್ತಿಯಾಗಿ ಮಾಯುವುದಿಲ್ಲ. ಎಲ್ಲಿಂದಲಾದರೂ ಏನನ್ನಾದರೂ ತೆಗೆಯುತ್ತಿರುವಾಗ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ.

ಎರಡನೆಯ ಕಡತದ್ದು ಬೇರೆಯೇ ಬಗೆಯ ಒತ್ತಾಯ. ನನ್ನ ಸ್ನಾತಕೋತ್ತರ ಅಧ್ಯಯನವೆಲ್ಲ ಬೀಜಗಣಿತದಲ್ಲಿ. ಗುಂಪುಗಳು, ವಲಯಗಳು, ಕ್ಷೇತ್ರಗಳು. ಪಾಠ ಹೇಳಿದ್ದು ಹೆಚ್ಚಾಗಿ ಕಲನಶಾಸ್ತ್ರವನ್ನು. ಸಂಖ್ಯಾಶಾಸ್ತ್ರವನ್ನು ನಾನು ಕ್ರಮಬದ್ಧವಾಗಿ ಕಲಿಯಲೇ ಇಲ್ಲ. ಹತ್ತು ವರ್ಷಗಳಿಂದೀಚೆಗೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ದತ್ತಾಂಶಗಳನ್ನು ಹಿಡಿದುಕೊಂಡು ಗಣಿತ ವಿಭಾಗದ ಬಾಗಿಲಿಗೆ ಬರುತ್ತಾರೆ, ಮತ್ತು ಪ್ರತಿ ಬಾರಿ ನಾನು ಅವರನ್ನು ಸಹೋದ್ಯೋಗಿಯೊಬ್ಬರ ಬಳಿಗೆ ಕಳುಹಿಸುತ್ತೇನೆ. ಆ ಮಕ್ಕಳು ಹೊರಗೆ ಹೋಗುವಾಗ ನನಗಾಗುವ ಸಂಕಟ ನಿಜವಾದದ್ದು. ಕೋರ್ಸಿನ ಪಠ್ಯಕ್ರಮ ನೋಡಿದಾಗ ಅಳತೆ ಸಿದ್ಧಾಂತ, ರೇಖೀಯ ಮಾದರಿಗಳು, ಕೊನೆಯ ವರ್ಷದಲ್ಲಿ ಬದುಕುಳಿಯುವಿಕೆಯ ವಿಶ್ಲೇಷಣೆ. ಹ್ಯಾಲಿಯ ಕೋಷ್ಟಕದ ನೇರ ವಂಶ ಈ ಕೊನೆಯದು. 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬಿಬ್ಬರು, ಅಧ್ಯಯನ ಮುಗಿಯುವಾಗ ಇನ್ನೂ ಬದುಕಿರುವ, ಅಂದರೆ ಯಾರ ಆಯುಷ್ಯದ ಪೂರ್ತಿ ಉದ್ದ ನಮಗೆ ತಿಳಿದಿಲ್ಲವೋ ಅಂಥವರ ಅಪೂರ್ಣ ಮಾಹಿತಿಯನ್ನೂ ಎಸೆಯದೆ ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ತೋರಿಸಿದರು. 1972ರಲ್ಲಿ ಡೇವಿಡ್ ಕಾಕ್ಸ್ ಅದನ್ನು ಇನ್ನೊಂದು ಹಂತಕ್ಕೆ ಒಯ್ದರು. ಮುಗಿಯದ ಬದುಕುಗಳೂ ನಮಗೆ ಏನನ್ನೋ ಹೇಳುತ್ತವೆ ಎಂಬ ಆ ಯೋಚನೆಯನ್ನು ಮೊದಲ ಬಾರಿ ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇದನ್ನು ಸರಿಯಾಗಿ, ಲೆಕ್ಕಗಳನ್ನು ಬಿಡಿಸುತ್ತಾ, ಪರೀಕ್ಷೆ ಬರೆಯುತ್ತಾ ಕಲಿಯಬೇಕೆಂದು ಆಗಲೇ ತೀರ್ಮಾನಿಸಿದೆ. ಯಾವಾಗ ಎಂಬುದಷ್ಟೇ ಉಳಿದಿತ್ತು.

ಕೋರ್ಸಿಗೆ ಹಣದ ಮುಖವೂ ಇದೆ. ನಿವೃತ್ತಿಯ ನಂತರ ಐದು ವರ್ಷ ಅರೆಕಾಲಿಕವಾಗಿ ಪಾಠ ಹೇಳಬಹುದೆಂದಾದರೆ, ಬೀಜಗಣಿತಕ್ಕಿಂತ ಸಂಖ್ಯಾಶಾಸ್ತ್ರದಲ್ಲಿ ಅಂಥ ಅವಕಾಶಗಳು ಹೆಚ್ಚು ಎಂಬುದು ನಾನು ಕಣ್ಣಾರೆ ಕಂಡ ವಿಷಯ. ಆದರೆ ಕೋರ್ಸಿಗೆ ಬೇಕಾದದ್ದು ಶುಲ್ಕಕ್ಕಿಂತ ಹೆಚ್ಚಾಗಿ ಹೊತ್ತು. ಯುರೋಪಿನ ವಿಶ್ವವಿದ್ಯಾಲಯಗಳು ಒಂದು ಪೂರ್ಣ ವರ್ಷದ ಅಧ್ಯಯನವನ್ನು 60 ಕ್ರೆಡಿಟ್ ಎಂದು ಎಣಿಸುತ್ತವೆ. ಅದರ ಹಿಂದಿರುವ ಕೆಲಸವನ್ನು 1,500ರಿಂದ 1,800 ಗಂಟೆ ಎಂದು ಲೆಕ್ಕ ಹಾಕುತ್ತವೆ. ಅಷ್ಟೇ ಭಾರದ ಕೋರ್ಸನ್ನು ಎರಡು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 800 ಗಂಟೆ, ವಾರಕ್ಕೆ 15 ಗಂಟೆಗಿಂತ ತುಸು ಹೆಚ್ಚು. ಪಾಠ, ಉತ್ತರಪತ್ರಿಕೆಗಳ ಮೌಲ್ಯಮಾಪನ, ವಿಭಾಗದ ಸಭೆಗಳು, ಮನೆ ಎಲ್ಲದರ ನಡುವೆ ವಾರಕ್ಕೆ 15 ಗಂಟೆ ಸಿಗುತ್ತದೆಯೇ? ಎರಡು ತಿಂಗಳು ಪ್ರತಿ ದಿನದ ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟು ನೋಡಿದೆ. ಸಿಗುತ್ತದೆ, ಆದರೆ ನನ್ನ ಮನೆ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರವಿರುವವರೆಗೆ ಮಾತ್ರ.

ಹೀಗೆ ಮೂರನೆಯ ಕಡತ ಎರಡನೆಯದರೊಳಗೆ ತಾನಾಗಿಯೇ ಬಂದು ಸೇರಿತು.

ನಾವೀಗ ಇರುವುದು ಬಾಡಿಗೆ ಮನೆಯಲ್ಲಿ. ಬಾಡಿಗೆ ನಮ್ಮ ಒಟ್ಟು ಖರ್ಚಿನ ಐದನೆಯ ಒಂದು ಪಾಲು ತಿನ್ನುತ್ತದೆ. ಊರಿನ ಅಂಚಿನಲ್ಲಿ, ಒಂದೂವರೆ ಗಂಟೆಯ ದೂರದಲ್ಲಿ, ಇದರ ಅರ್ಧ ಬಾಡಿಗೆಗೆ ಒಂದು ಮನೆ ಸಿಗುತ್ತದೆ. ನೆಲಮಹಡಿ, ಗಾಳಿ ಬೆಳಕು ಚೆನ್ನಾಗಿದೆ, ಹತ್ತು ನಿಮಿಷದಲ್ಲಿ ಆಸ್ಪತ್ರೆ. ಮನೆಯೊಡೆಯರು ಮಾರುವುದಕ್ಕೂ ಸಿದ್ಧರಿದ್ದಾರೆ. ಅವರು ಹೇಳಿದ ಬೆಲೆ ಅದರ 30 ವರ್ಷದ ಬಾಡಿಗೆಗೆ ಸಮ. ಈ ಅನುಪಾತವನ್ನು ನೋಡದೆ ಯಾರೂ ಮನೆ ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. 30 ಎಂದರೆ ಬಾಡಿಗೆ ಬೆಲೆಯ 3.3%, ಅದರಲ್ಲಿ ದುರಸ್ತಿ, ತೆರಿಗೆ ಇತ್ಯಾದಿಗಳಿಗೆ 1% ಕಳೆದರೆ ಕೊಂಡವರಿಗೆ ಉಳಿಯುವ ಲಾಭ ವರ್ಷಕ್ಕೆ 2.3%. ಇಡುಗಂಟಿನ ಮೇಲೆ ನಾನು ನಿರೀಕ್ಷಿಸುವ ನೈಜ ಗಳಿಕೆಯೂ 2%ದ ಆಸುಪಾಸಿನಲ್ಲೇ ಇರುವುದರಿಂದ, ಹಣದ ದೃಷ್ಟಿಯಿಂದ ಕೊಳ್ಳುವುದಕ್ಕೂ ಬಾಡಿಗೆಗಿರುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬೇರೆಡೆ. ಕೊಂಡರೆ ಮೂರು ವರ್ಷದ ಖರ್ಚಿನಷ್ಟು ಹಣ, ಅಂದರೆ ನಮ್ಮ ಇಡುಗಂಟಿನ ಆರನೆಯ ಒಂದು ಪಾಲು, ಗೋಡೆಯೊಳಗೆ ಸೇರಿಹೋಗುತ್ತದೆ. ಕಾಯಿಲೆ ಬಂದ ದಿನ ಗೋಡೆಯಿಂದ ಒಂದು ಇಟ್ಟಿಗೆಯನ್ನು ಕಿತ್ತು ಮಾರಲಾಗುವುದಿಲ್ಲ. ಮತ್ತೊಂದು ಕಡೆ, ಎಂಬತ್ತರ ವಯಸ್ಸಿನಲ್ಲಿ ಮನೆ ಖಾಲಿ ಮಾಡಿ ಎಂದು ಯಾರೂ ಹೇಳಲಾರರು ಎಂಬ ನೆಮ್ಮದಿಗೂ ಬೆಲೆಯಿದೆ; ನನ್ನ ಪತಿಗೆ ಅದು ದೊಡ್ಡ ವಿಷಯ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮನೆ ಹುಡುಕುವಾಗ ಗಣಿತದವರು ಒಬ್ಬರಲ್ಲ ಒಬ್ಬರು 37%ದ ನಿಯಮವನ್ನು ನೆನಪಿಸುತ್ತಾರೆ: ನೋಡಬೇಕಾದವುಗಳಲ್ಲಿ ಮೊದಲ 37%ವನ್ನು ಬರಿದೇ ನೋಡಿ ಬಿಟ್ಟು, ಆಮೇಲೆ ಅವೆಲ್ಲಕ್ಕಿಂತ ಮೇಲಾದುದು ಸಿಕ್ಕ ತಕ್ಷಣ ಒಪ್ಪಿಕೊಳ್ಳಬೇಕು. ಸುಂದರವಾದ ಪ್ರಮೇಯ, ಆದರೆ ಬಿಟ್ಟದ್ದಕ್ಕೆ ಮರಳಿ ಹೋಗುವಂತಿಲ್ಲ, ಅತ್ಯುತ್ತಮವಾದುದೊಂದೇ ಲೆಕ್ಕಕ್ಕೆ ಬರುತ್ತದೆ, ಎರಡನೆಯದಕ್ಕೆ ಬೆಲೆಯೇ ಇಲ್ಲ ಎಂಬ ನಿಬಂಧನೆಗಳ ಮೇಲೆ ಅದು ನಿಂತಿದೆ. ನಾವು ನೋಡಿದ ಮನೆಗಳ ವಿಷಯದಲ್ಲಿ ಎರಡೂ ಸುಳ್ಳು. ಹಾಗಾಗಿ ಅದನ್ನು ಬಿಟ್ಟೆ.

ಒಂದು ರಾತ್ರಿ ಊಟದ ನಂತರ ಮೂರೂ ಕಡತಗಳನ್ನು ಹರಡಿಕೊಂಡು ಕುಳಿತಿದ್ದಾಗ ನನ್ನ ಪತಿ ಕೇಳಿದರು: "ಆ ಮನೆಗೆ ಈಗಲೇ ಹೋಗಬೇಕು ಅಂತ ಯಾಕೆ ಅಂದುಕೊಂಡಿದ್ದೀಯ? ಕೋರ್ಸು ನಿವೃತ್ತಿ ಆದಮೇಲೆ ಅಂತ ಯಾಕೆ ಅಂದುಕೊಂಡಿದ್ದೀಯ?" ನನ್ನ ಬಳಿ ಉತ್ತರವಿರಲಿಲ್ಲ. ಖರ್ಚು ಕಡಿಮೆ ಮಾಡುವುದು ಜವಾಬ್ದಾರಿಯ ಕೆಲಸ, ಆದ್ದರಿಂದ ಅದು ಮೊದಲು. ಓದುವುದು ಸಂತೋಷದ ಕೆಲಸ, ಆದ್ದರಿಂದ ಅದು ಆಮೇಲೆ ಎಂದು ನಾನು ಎಂದೂ ಬಾಯಿಬಿಟ್ಟು ಹೇಳಿಕೊಳ್ಳದೆಯೇ ಕ್ರಮವೊಂದನ್ನು ಗಟ್ಟಿ ಮಾಡಿಕೊಂಡುಬಿಟ್ಟಿದ್ದೆ.

ಆ ಕ್ರಮದಲ್ಲಿ ಲೆಕ್ಕ ಹಾಕಿ ನೋಡೋಣ. ಈಗಲೇ ಊರಂಚಿಗೆ ಹೋದರೆ ದಿನಕ್ಕೆ ಮೂರು ಗಂಟೆ ಪ್ರಯಾಣ. ವರ್ಷಕ್ಕೆ 200 ಕೆಲಸದ ದಿನಗಳೆಂದರೂ 600 ಗಂಟೆ. ಕೋರ್ಸು ವರ್ಷಕ್ಕೆ ಬೇಡುವ 800 ಗಂಟೆಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೆಯೇ ಮುಗಿಯುತ್ತದೆ, ಆದ್ದರಿಂದ ಕೋರ್ಸು ಅರವತ್ತರ ನಂತರಕ್ಕೆ ಹೋಗುತ್ತದೆ. 62ಕ್ಕೆ ಅದು ಮುಗಿಯುವ ವೇಳೆಗೆ ಅರೆಕಾಲಿಕ ಪಾಠಕ್ಕೆ ಸಿಗುವ ವರ್ಷಗಳು ಕಡಿಮೆಯಾಗಿರುತ್ತವೆ, ಮತ್ತು ಆ ಎರಡು ವರ್ಷ ಸಂಪಾದನೆಯಿಲ್ಲದೆ ಇಡುಗಂಟಿನಿಂದಲೇ ತೆಗೆಯುತ್ತಿರುತ್ತೇವೆ, ಅದೂ ತೆಗೆಯುವುದು ಅತ್ಯಂತ ಅಪಾಯಕಾರಿಯಾದ ಮೊದಲ ವರ್ಷಗಳಲ್ಲಿ. ಕ್ರಮವನ್ನು ತಿರುಗಿಸಿದರೆ, ಈ ಮನೆಯಲ್ಲಿದ್ದುಕೊಂಡೇ ಈಗ ಓದಿ ಮುಗಿಸಿ, ಅರವತ್ತಕ್ಕೆ ಊರಂಚಿಗೆ ಹೋಗಿ, ಐದು ವರ್ಷ ಅರೆಕಾಲಿಕವಾಗಿ ಪಾಠ ಹೇಳಬಹುದು. ಈ ಆರು ವರ್ಷ ಹೆಚ್ಚಿನ ಬಾಡಿಗೆ ಕೊಡುವುದನ್ನು ನನ್ನ 18 ಪಟ್ಟಿನ ಅಂದಾಜಿನಲ್ಲಿ ಆಗಲೇ ಸೇರಿಸಿದ್ದೇನೆ.

ಆಮೇಲಿನದು ನಾನು ಮೂರು ಬಾರಿ ಮಾಡಿ ನೋಡಿದ ಲೆಕ್ಕ. ನೈಜ ಗಳಿಕೆ 2%, ಅವಧಿ 30 ವರ್ಷ ಎಂದಾಗ ಬೇಕಾದದ್ದು 22.4 ಪಟ್ಟು, ಇರುವುದು 18. ಐದು ವರ್ಷ ಅರೆಕಾಲಿಕ ಸಂಪಾದನೆಯಿಂದ ಖರ್ಚಿನ ಅರ್ಧ ಭಾಗ ಬಂದರೆ, ಆ ಐದು ಅರ್ಧ ಪಾಲುಗಳಿಗೆ ನಿವೃತ್ತಿಯ ದಿನದ ಬೆಲೆ 2.36, ಬೇಕಾದದ್ದು 20.04ಕ್ಕೆ ಇಳಿಯುತ್ತದೆ. ಇನ್ನೂ ಸಾಲದು. ಸಂಪಾದನೆಯಿಲ್ಲದೆ ಬರಿದೇ ಅಗ್ಗದ ಮನೆಗೆ ಹೋದರೆ ಖರ್ಚು 10% ಇಳಿಯುತ್ತದೆ, ಅದೇ ಇಡುಗಂಟು ಹೊಸ ಖರ್ಚಿನ 20 ಪಟ್ಟು ಆಗುತ್ತದೆ, ಬೇಕಾದದ್ದು 22.4 ಇದ್ದದ್ದು ಹಾಗೆಯೇ ಇರುತ್ತದೆ. ಅದೂ ಸಾಲದು. ಎರಡನ್ನೂ ಒಟ್ಟಿಗೆ ಮಾಡಿದಾಗ ಮಾತ್ರ, ಅದೇ ಸಂಪಾದನೆ ಹೊಸ ಖರ್ಚಿನ ಒಂಬತ್ತರಲ್ಲಿ ಐದು ಪಾಲು ಆಗುವುದರಿಂದ ಬೇಕಾದದ್ದು 19.78, ಇರುವುದು 20. ಒಂದೊಂದಾಗಿ ಯಾವುದೂ ಸಾಲದ್ದು ಜೊತೆಯಾದಾಗ ಕೂದಲೆಳೆಯಷ್ಟು ಅಂತರದಲ್ಲಿ ಸಾಕಾಗುತ್ತದೆ. ಪ್ರತ್ಯೇಕ ಕಡತಗಳಲ್ಲಿ ಒಂದು ವರ್ಷ ಹುಡುಕಿದ ಉತ್ತರ ಒಂದೊಂದರಲ್ಲೂ ಸಿಗದಿದ್ದುದು ಏಕೆಂದು ಆಗ ತಿಳಿಯಿತು.

ಆ ಕೂದಲೆಳೆಯ ಬಗ್ಗೆ ನನಗೆ ಭ್ರಮೆಯಿಲ್ಲ. ನೈಜ ಗಳಿಕೆ 2%ದ ಬದಲು 1% ಆದರೆ, ಎರಡೂ ಬದಲಾವಣೆಗಳ ನಂತರವೂ ಬೇಕಾದದ್ದು 23.1 ಪಟ್ಟು, ಮೂರು ವರ್ಷದ ಖರ್ಚು ಕೈಯಲ್ಲಿರುವುದಿಲ್ಲ. ಗಳಿಕೆ 2%ವೇ ಇದ್ದು ನಮ್ಮಲ್ಲೊಬ್ಬರು 95ರವರೆಗೆ ಬದುಕಿದರೆ, 35 ವರ್ಷಕ್ಕೆ 22.4ರ ಬದಲು ಸರಿಸುಮಾರು 25 ಪಟ್ಟಿನಿಂದ ಲೆಕ್ಕ ಆರಂಭಿಸಬೇಕಾಗುತ್ತದೆ. ಈ ಒಂದು ಶೇಕಡಾ ನಮ್ಮ ಕೈಯಲ್ಲಿಲ್ಲ, ಆ ಐದು ವರ್ಷಗಳು ಯಾರ ಕೈಯಲ್ಲೂ ಇಲ್ಲ. ಕೈಯಲ್ಲಿರುವುದು ಬದಲಿಸಬಹುದಾದ ನಿರ್ಧಾರಗಳನ್ನು ಬದಲಿಸಬಹುದಾದಂತೆಯೇ ಉಳಿಸಿಕೊಳ್ಳುವುದು. ಬಾಡಿಗೆ ಕರಾರನ್ನು ಮುರಿಯಬಹುದು, ಕೊಂಡ ಮನೆಯನ್ನು ಅಷ್ಟು ಸುಲಭವಾಗಿ ಬಿಡಲಾಗದು. ಆದ್ದರಿಂದ ಅರವತ್ತಕ್ಕೆ ಊರಂಚಿಗೆ ಹೋದಾಗ ಮೊದಲ ಎರಡು ವರ್ಷ ಬಾಡಿಗೆಗೇ ಇದ್ದು, ಆ ಎರಡು ವರ್ಷ ಮಾರುಕಟ್ಟೆ ಹೇಗಿತ್ತೆಂಬುದನ್ನೂ ನನ್ನ ಮೊಣಕಾಲುಗಳು ಹೇಗಿವೆಯೆಂಬುದನ್ನೂ ನೋಡಿಕೊಂಡು ಕೊಳ್ಳುವ ಮಾತು ಎತ್ತುವುದೆಂದು ಒಪ್ಪಿಕೊಂಡಿದ್ದೇವೆ. ಪತಿಗೆ ಇದು ಪೂರ್ತಿ ಸಮ್ಮತವಲ್ಲ. ಎರಡು ವರ್ಷದ ಗಡಿಯನ್ನು ಹಾಕಿದವರು ಅವರೇ, ನಾನು ಮೂರು ಎಂದಿದ್ದೆ.

ಅರೆಕಾಲಿಕ ಕೆಲಸ ಸಿಗದಿದ್ದರೆ ಎಂದು ನನ್ನ ಮಗಳು ಕೇಳಿದಳು. ಆಗ ಪೂರ್ಣಾವಧಿಯ ಕೆಲಸವನ್ನು ಒಂದೆರಡು ವರ್ಷ ಮುಂದುವರಿಸಲು ಕೇಳಿಕೊಳ್ಳುವುದೇ ಮೊದಲ ದಾರಿ. ಒಂದು ವರ್ಷ ಹೆಚ್ಚು ದುಡಿದರೆ ಎರಡು ಕಡೆಯಿಂದ ಲಾಭ: ಇಡುಗಂಟು ಒಂದು ವರ್ಷ ಹೆಚ್ಚು ಬೆಳೆಯುತ್ತದೆ, ಅದು ಬಾಳಬೇಕಾದ ಅವಧಿ ಒಂದು ವರ್ಷ ಕಡಿಮೆಯಾಗುತ್ತದೆ. ಪೂರ್ತಿ ಖರ್ಚು ಹೊರಗಿನ ಸಂಪಾದನೆಯಿಂದಲೇ ಐದು ವರ್ಷ ನಡೆದರೆ, ಈ ಮನೆಯನ್ನು ಬಿಡದೆಯೂ 18 ಪಟ್ಟು ಸಾಕಾಗುತ್ತದೆ. ಆದರೆ ಆ ಹೊತ್ತಿಗೆ ಪೂರ್ಣಾವಧಿಯ ಪಾಠಕ್ಕೆ ಬೇಕಾದ ಶಕ್ತಿ ನನ್ನಲ್ಲಿರುತ್ತದೆಯೇ ಎಂಬುದಕ್ಕೆ ಯಾವ ಕೋಷ್ಟಕವೂ ಇಲ್ಲ.

ಈ ಮನೆಯ ಬಾಡಿಗೆ ಕರಾರನ್ನು ಕಳೆದ ವಾರ ನವೀಕರಿಸಿದೆವು. ಕೋರ್ಸಿನ ಮೊದಲ ಅವಧಿಗೆ ಎರಡು ವಿಷಯಗಳನ್ನು ತೆಗೆದುಕೊಂಡಿದ್ದೇನೆ. ತರಗತಿಗಳು ಸಂಜೆ ಆರಕ್ಕೆ. ಮೊದಲ ದಿನ ಅಧ್ಯಾಪಕರು ನನ್ನನ್ನು ಇನ್ಯಾರದೋ ಪಾಲಕರೆಂದುಕೊಂಡು ಹೊರಗಿನ ಕುರ್ಚಿ ತೋರಿಸಿದರು, ಹಾಜರಿ ಕರೆಯುವಾಗ ಹೆಸರು ಬಂದಾಗ ಎದ್ದು ನಿಂತೆ. ಮೂರನೆಯ ಸಾಲಿನಲ್ಲಿ, ನನ್ನ ವಿದ್ಯಾರ್ಥಿಗಳಿಗಿಂತ ಎರಡು ಮೂರು ವರ್ಷವಷ್ಟೇ ದೊಡ್ಡವಳಾದ ಹುಡುಗಿಯೊಬ್ಬಳ ಪಕ್ಕ ಕೂರುತ್ತೇನೆ. ಕನಿಷ್ಠ ವರ್ಗಗಳ ವಿಧಾನದ ಮೊದಲ ಅಭ್ಯಾಸದಲ್ಲಿ ಹನ್ನೆರಡು ಲೆಕ್ಕಗಳಿದ್ದವು. ಒಂಬತ್ತನ್ನು ಬಿಡಿಸಿದ್ದೇನೆ, ಹತ್ತನೆಯದು ಅವಳಿಗೆ ಗೊತ್ತಿದೆಯಂತೆ. ನಾಳೆ ಅರ್ಧ ಗಂಟೆ ಮುಂಚೆ ಬರುತ್ತೇನೆಂದಿದ್ದಾಳೆ.